ಕಣ್ಣಿನಿಂದ ಕೆನ್ನೆಗೆ ಬಂದ ಜೆಲ್

1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬ ಇಬ್ಬರು ವಿಜ್ಞಾನಿಗಳು ದನದ ಕಣ್ಣಿನೊಳಗಿನ ಲೋಳೆಯಿಂದ ಅಲ್ಲಿಯವರೆಗೆ ಯಾರೂ ಗುರುತಿಸದ ಒಂದು ವಸ್ತುವನ್ನು ಬೇರ್ಪಡಿಸಿ, ಹಯಲುರಾನಿಕ್ ಆಸಿಡ್ ಎಂದು ಹೆಸರಿಟ್ಟರು. ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗಿರುವುದು ಅದರ ಗುಣ. ಹುಡುಕುತ್ತ ಹೋದಂತೆ ಅದು ಎಲ್ಲ ಕಡೆ ಸಿಕ್ಕಿತು. ಕೀಲುಗಳ ನಡುವಿನ ದ್ರವದಲ್ಲಿತ್ತು, ಹೊಕ್ಕುಳಬಳ್ಳಿಯಲ್ಲಿತ್ತು, ಹುಂಜದ ಜುಟ್ಟಿನಲ್ಲಿತ್ತು, ನಮ್ಮ ಚರ್ಮದಲ್ಲೂ ಇತ್ತು. 70 ಕಿಲೊ ತೂಕದ ಮನುಷ್ಯನ ಮೈಯಲ್ಲಿ ಇದು ಸುಮಾರು 15 ಗ್ರಾಂ ಇರುತ್ತದೆ. ದಿನಕ್ಕೆ ಅದರಲ್ಲಿ ಮೂರನೇ ಒಂದು ಪಾಲನ್ನು ದೇಹ ತಾನೇ ಒಡೆದು, ಹೊಸದಾಗಿ ತಯಾರಿಸಿಕೊಳ್ಳುತ್ತದೆ.

ಇವತ್ತು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಚರ್ಮದ ಕ್ಲಿನಿಕ್ಕುಗಳಲ್ಲಿ ‘ಫಿಲ್ಲರ್’ ಎಂದು ಕೆನ್ನೆಗೆ, ತುಟಿಗೆ, ಮೂಗಿನ ಪಕ್ಕದ ಗೆರೆಗೆ ಚುಚ್ಚುವ ಪಾರದರ್ಶಕ ಜೆಲ್ ಬಹುಮಟ್ಟಿಗೆ ಇದೇ ವಸ್ತು. ಮದುವೆ ಸೀಸನ್ ಬಂದರೆ ವಧುವಿಗಿಂತ ಮೊದಲು ವಧುವಿನ ತಾಯಿ ವಿಚಾರಿಸುತ್ತಾರೆ. ಊಟದ ವಿರಾಮದಲ್ಲಿ ಮುಗಿಯುವ ಕೆಲಸ, ಆಪರೇಷನ್ ಇಲ್ಲ, ಹೊಲಿಗೆ ಇಲ್ಲ ಎನ್ನುತ್ತದೆ ಜಾಹೀರಾತು. ಅದೆಲ್ಲ ನಿಜವೇ. ಆದರೆ ಕಣ್ಣಿನಿಂದ ಹೊರಟ ಈ ವಸ್ತುವಿನ ಅತ್ಯಂತ ಘೋರ ಅಪಾಯವೂ ಕಣ್ಣಿಗೇ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಫಿಲ್ಲರ್ ಬೇಕೇ ಬೇಡವೇ ಎನ್ನುವುದು ಅವರವರ ಮುಖ, ಅವರವರ ಮರ್ಜಿ. ಹಾಕಿಸಿಕೊಳ್ಳುವವರು ಈ ಒಂದು ವಿಷಯವನ್ನಾದರೂ ತಿಳಿದು ಕೂರಬೇಕು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮುಖಕ್ಕೆ ಏನೇ ಚುಚ್ಚಿಸಿಕೊಂಡರೂ ನಮ್ಮಲ್ಲಿ ಅದಕ್ಕೆ ‘ಬೊಟಾಕ್ಸ್’ ಎನ್ನುತ್ತಾರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುವ ಔಷಧ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಹಣೆಯ ಮತ್ತು ಕಣ್ಣಂಚಿನ ಗೆರೆಗಳಿಗೆ ಅದು. ಫಿಲ್ಲರ್ ಬರಿದಾದ ಜಾಗವನ್ನು ತುಂಬುತ್ತದೆ. ವಯಸ್ಸಾದಂತೆ ಮುಖದಲ್ಲಿ ಆಗುವ ಬದಲಾವಣೆ ಬರೀ ಚರ್ಮದ ಸುಕ್ಕಲ್ಲ. ಕೆನ್ನೆಯೊಳಗೆ ಕೊಬ್ಬು ಬೇರೆ ಬೇರೆ ಅರೆಗಳಲ್ಲಿ ಕೂತಿರುತ್ತದೆ, ಅದು ಕರಗುತ್ತದೆ. ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆಯ ಮೂಳೆ ಹಿಂದಕ್ಕೆ ಸರಿಯುತ್ತದೆ. ಆಸರೆ ತಪ್ಪಿದ ಚರ್ಮ ಜೋತು ಬಿದ್ದು ಮೂಗಿನಿಂದ ಬಾಯಿಯಂಚಿಗೆ ಇಳಿಯುವ ಗೆರೆ ಆಳವಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನ್ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ‘ಯಾಕೋ ಮುಖ ಬಾಡಿದೆಯಲ್ಲ, ಹುಷಾರಿಲ್ವಾ?’ ಎಂದು ಚೆನ್ನಾಗಿಯೇ ಇರುವ ಐವತ್ತರ ಹೆಂಗಸನ್ನು ನೆಂಟರು ಕೇಳುವುದು ಇದಕ್ಕೇ. ನಮ್ಮ ಕಂದು ಚರ್ಮದಲ್ಲಿ ಸಣ್ಣ ಸುಕ್ಕುಗಳು ಬಿಳಿಯರಿಗಿಂತ ತಡವಾಗಿ ಬರುತ್ತವೆ. ನಮಗೆ ಮೊದಲು ಕಾಣುವುದು ಕಣ್ಣಿನ ಕೆಳಗಿನ ಗುಳಿ ಮತ್ತು ಒಳಸರಿದ ಕೆನ್ನೆ.

ಈ ಗುಳಿಗಳನ್ನು ತುಂಬುವ ಆಸೆ ಹಳೆಯದು. 1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ನೊಯ್ಬರ್ ರೋಗಿಯ ತೋಳಿನ ಕೊಬ್ಬನ್ನೇ ತೆಗೆದು ಮುಖದ ಗಾಯದ ಕುಳಿಗೆ ತುಂಬಿದ. ಅದು ಒಳ್ಳೆಯ ದಾರಿಯೇ, ಇಂದಿಗೂ ಬಳಕೆಯಲ್ಲಿದೆ. ದಾರಿ ತಪ್ಪಿದ್ದು ಆಮೇಲೆ. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಮೇಣವನ್ನು ಕರಗಿಸಿ ಚುಚ್ಚಬಹುದೆಂದು ತೋರಿಸಿದ. ಅಗ್ಗದ, ಸುಲಭದ ಉಪಾಯ ಯುರೋಪಿನಲ್ಲೆಲ್ಲ ಹಬ್ಬಿತು. ರೂಪಕ್ಕೆ ಹೆಸರಾಗಿದ್ದ ಗ್ಲಾಡಿಸ್ ಡೀಕನ್ ಎಂಬಾಕೆ ಇಪ್ಪತ್ತರ ಹರೆಯದಲ್ಲೇ ಮೂಗನ್ನು ಗ್ರೀಕ್ ಶಿಲ್ಪದಂತೆ ನೇರ ಮಾಡಿಸಿಕೊಳ್ಳಲು ಮೇಣ ಚುಚ್ಚಿಸಿಕೊಂಡಳು. ಮುಂದೆ ಆಕೆ ಮಾರ್ಲ್‌ಬರೊ ಡ್ಯೂಕನ ಹೆಂಡತಿಯಾದಳು. ಅಷ್ಟರಲ್ಲಿ ಮೇಣ ಮೂಗಿನಿಂದ ಜಾರಿ ಗಲ್ಲದತ್ತ ಇಳಿದಿತ್ತು. ಅದನ್ನು ಹೊರತೆಗೆಯಲು ಯಾರಿಗೂ ಬರಲಿಲ್ಲ. ಆಕೆ 1977ರವರೆಗೆ, ತೊಂಬತ್ತು ದಾಟಿ ಬದುಕಿದ್ದಳು.

ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ದ್ರವ ಸಿಲಿಕೋನ್ ಬಂತು. ಗಂಟುಗಳಾದವು, ಹುಣ್ಣಾದವು, ಕೆಲವರ ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಿತು. ನೆವಾಡಾ ರಾಜ್ಯ 1970ರ ದಶಕದಲ್ಲಿ ಅದನ್ನು ಚುಚ್ಚುವುದನ್ನೇ ಅಪರಾಧವೆಂದು ಕಾನೂನು ಮಾಡಬೇಕಾಯಿತು. 1981ರಲ್ಲಿ ಅಮೆರಿಕದ ಔಷಧ ಆಡಳಿತ, ಅಂದರೆ ಎಫ್‌ಡಿಎ, ದನದ ಚರ್ಮದಿಂದ ತೆಗೆದ ಕೊಲಾಜೆನ್‌ಗೆ ಒಪ್ಪಿಗೆ ಕೊಟ್ಟಿತು. ನೂರರಲ್ಲಿ ಮೂರು ಮಂದಿಗೆ ಅಲರ್ಜಿಯಾಗುತ್ತಿದ್ದುದರಿಂದ ಮೊದಲು ಮುಂಗೈಗೆ ಒಂದಿಷ್ಟು ಚುಚ್ಚಿ ನಾಲ್ಕು ವಾರ ಕಾಯಬೇಕಿತ್ತು. ಅಷ್ಟು ಕಾದು ಹಾಕಿಸಿಕೊಂಡರೂ ಮೂರು-ನಾಲ್ಕು ತಿಂಗಳಿಗೆ ಮುಗಿಯುತ್ತಿತ್ತು.

ಹಯಲುರಾನಿಕ್ ಆಸಿಡ್ ಅಷ್ಟು ಹೊತ್ತಿಗೆ ಬೇರೆಯದೇ ದಾರಿಯಲ್ಲಿ ಬೆಳೆದಿತ್ತು. ಹಂಗೇರಿಯಲ್ಲಿ ಹುಟ್ಟಿದ ಎಂಡ್ರೆ ಬಲಾಜ್ ಅದರ ಹಿಂದೆ ಜೀವಮಾನವಿಡೀ ಬಿದ್ದವರು. 1942ರಲ್ಲಿ ಅವರು ಬೇಕರಿಯಲ್ಲಿ ಮೊಟ್ಟೆಯ ಬಿಳಿಗೆ ಬದಲಾಗಿ ಇದನ್ನು ಬಳಸಲು ಪೇಟೆಂಟ್ ಕೇಳಿದ್ದರು. ಮುಂದೆ ಹುಂಜದ ಜುಟ್ಟಿನಿಂದ ತೆಗೆದು ಶುದ್ಧ ಮಾಡಿದ ಜೆಲ್ಲನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ತಂದರು. ಹೀಲಾನ್ ಎಂಬ ಹೆಸರಿನಲ್ಲಿ ಅದು 1980ರಲ್ಲಿ ಮಾರುಕಟ್ಟೆಗೆ ಬಂತು. ಪೊರೆ ತೆಗೆದು ಲೆನ್ಸ್ ಕೂರಿಸುವಾಗ ಕಣ್ಣಿನ ಮುಂಭಾಗ ಕುಸಿಯದಂತೆ, ಒಳಪದರಕ್ಕೆ ಏಟಾಗದಂತೆ ಹಿಡಿಯುವ ಜೆಲ್ ಅದು. ನಮ್ಮ ಕಣ್ಣಿನ ಶಿಬಿರಗಳಲ್ಲಿ ಖರ್ಚು ಉಳಿಸಲು ಹೆಚ್ಚಾಗಿ ಮೀಥೈಲ್ ಸೆಲ್ಯುಲೋಸ್ ಜೆಲ್ ಬಳಸುತ್ತಾರೆ. ಕೆಲಸ ಅದೇ.

ಹಯಲುರಾನಿಕ್ ಜೆಲ್ಲನ್ನು ಹಾಗೆಯೇ ಕೆನ್ನೆಗೆ ಚುಚ್ಚಿದರೆ ದೇಹ ಕೆಲವೇ ದಿನಗಳಲ್ಲಿ ಕರಗಿಸಿಬಿಡುತ್ತದೆ. ಬಿಡಿ ಮಲ್ಲಿಗೆ ಉದುರಿಹೋಗುತ್ತದೆ, ಗಂಟು ಹಾಕಿ ಕಟ್ಟಿದ ಮಾಲೆ ನಿಲ್ಲುತ್ತದೆ. ಈ ಅಣುಗಳ ನಡುವೆಯೂ ಬಿಡಿಡಿಇ ಎಂಬ ರಾಸಾಯನಿಕದಿಂದ ಗಂಟು ಹಾಕುವುದನ್ನು ಕಲಿತ ಮೇಲೆ ಜೆಲ್ ತಿಂಗಳುಗಟ್ಟಲೆ ನಿಂತಿತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಂಗ್ಟ್ ಓಗೆರುಪ್ ಕಟ್ಟಿದ ಕ್ಯೂ-ಮೆಡ್ ಕಂಪನಿ ಹುಂಜವನ್ನೂ ಬಿಟ್ಟು, ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆದ ಜೆಲ್ಲಿಗೆ ಈ ಗಂಟು ಹಾಕಿತು. ರೆಸ್ಟಿಲೇನ್ ಎಂಬ ಆ ಫಿಲ್ಲರ್ 1996ರಲ್ಲಿ ಯುರೋಪಿಗೆ, 2003ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಬಂತು. ಪ್ರಾಣಿಜನ್ಯ ಪದಾರ್ಥ ಇಲ್ಲದ್ದರಿಂದ ಅಲರ್ಜಿ ಪರೀಕ್ಷೆ ಬೇಕಾಗಲಿಲ್ಲ. ಕೊಲಾಜೆನ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು.

ನನ್ನ ದೃಷ್ಟಿಯಲ್ಲಿ ಹಯಲುರಾನಿಕ್ ಆಸಿಡ್‌ನ ನಿಜವಾದ ಮೇಲುಗೈ ಬೇರೆ ಕಡೆಯಿದೆ. ಮೇಣವನ್ನು ಹಾಕಿದವರಿಗೆ ತೆಗೆಯಲು ಬರಲಿಲ್ಲ, ಸಿಲಿಕೋನ್ ಹಾಕಿದವರಿಗೂ ಬರಲಿಲ್ಲ. ಇದೊಂದನ್ನು ಕರಗಿಸಲು ಬರುತ್ತದೆ. ಹಯಲುರಾನಿಡೇಸ್ ಎಂಬ ಕಿಣ್ವವನ್ನು ಅದೇ ಜಾಗಕ್ಕೆ ಚುಚ್ಚಿದರೆ ಅಣುಗಳ ಎಳೆಗಳು ತುಂಡಾಗಿ ಜೆಲ್ ನೀರಾಗುತ್ತದೆ, ಹಲವು ಸಲ ಗಂಟೆಗಳೊಳಗೆ. ಈ ಕಿಣ್ವ ಹೊಸದೇನಲ್ಲ. ನಾಗರಹಾವಿನ ವಿಷ ಕಚ್ಚಿದ ಜಾಗದಿಂದ ಬೇಗ ಹರಡಲು, ಜೇನ್ನೊಣದ ವಿಷ ಚರ್ಮದೊಳಗೆ ನುಗ್ಗಲು ನೆರವಾಗುವುದು ಇದೇ ಬಗೆಯ ಕಿಣ್ವ. ಕಣ್ಣಿನ ವೈದ್ಯರು 1940ರ ದಶಕದ ಕೊನೆಯಿಂದಲೂ ಇದನ್ನು ಅರಿವಳಿಕೆ ಔಷಧದ ಜೊತೆ ಬೆರೆಸಿ ಚುಚ್ಚುತ್ತಾರೆ. ಔಷಧ ಕಣ್ಣಿನ ಸುತ್ತ ಬೇಗ ಹರಡಲಿ ಎಂದು. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕಂಡ ನಾಡು ನಮ್ಮದು. ಪೊರೆ ಆಪರೇಷನ್ ಮಾಡುವ ಆಸ್ಪತ್ರೆಯಿಲ್ಲದ ಜಿಲ್ಲೆಯಿಲ್ಲ. ಹಾಗಾಗಿ ಈ ಔಷಧ ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ಅದನ್ನು ಇಟ್ಟುಕೊಳ್ಳದೆ ಫಿಲ್ಲರ್ ಚುಚ್ಚುವ ಕ್ಲಿನಿಕ್ಕಿಗೆ ಯಾವ ಸಬೂಬೂ ಇಲ್ಲ.

ಪರಿಣತ ವೈದ್ಯರು ಫಿಲ್ಲರ್ ಹಾಕುವುದನ್ನು ಹತ್ತಿರದಿಂದ ನೋಡಿದರೆ ಮೊದಲು ಗಮನಕ್ಕೆ ಬರುವುದು ಅದರ ನಿಧಾನ. ರೋಗಿಯನ್ನು ಮಲಗಿಸುವುದಿಲ್ಲ, ಕೂರಿಸಿಯೇ ಬಿಳಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಮಲಗಿದರೆ ಗುಳಿಗಳ ಆಕಾರವೇ ಬದಲಾಗುತ್ತದೆ. ಲಿಪ್‌ಸ್ಟಿಕ್, ಪೌಡರ್ ಚೂರೂ ಉಳಿಯದಂತೆ ಚರ್ಮವನ್ನು ಎರಡೆರಡು ಸಲ ಒರೆಸುತ್ತಾರೆ. ಸಿರಿಂಜಿನಲ್ಲಿರುವುದು ಒಂದು ಮಿಲಿಲೀಟರ್, ಅಂದರೆ ಟೀ ಚಮಚದ ಐದನೇ ಒಂದು ಭಾಗ. ಅದರೊಳಗೇ ನೋವು ಮರೆಸಲು ಲಿಡೊಕೇನ್ ಬೆರೆತಿರುತ್ತದೆ. ಕೆನ್ನೆಯಂಥ ಕಡೆ ಚೂಪು ಸೂಜಿಯ ಬದಲು ತುದಿ ಮೊಂಡಾದ ಕ್ಯಾನುಲಾ ಎಂಬ ತೆಳು ಕೊಳವೆ ಬಳಸುತ್ತಾರೆ. ಸೂಜಿಯಾದರೆ ಚುಚ್ಚಿದ ಮೇಲೆ ಹಿಡಿಕೆಯನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡುತ್ತಾರೆ. ಆಮೇಲೆ ಹೆಬ್ಬೆರಳು ಎಷ್ಟು ಮೆಲ್ಲಗೆ ಒತ್ತುತ್ತದೆಂದರೆ ಜೆಲ್ ಇಳಿಯುವುದೇ ಕಾಣುವುದಿಲ್ಲ. ಒಂದು ಹನಿಯಷ್ಟು ಇಳಿದೊಡನೆ ನಿಲ್ಲಿಸಿ, ಸುತ್ತಲಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದಾಗ ಬಿಳಿಚಿದ ಜಾಗಕ್ಕೆ ಎರಡು-ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಮರಳಿತೇ? ಸರಿ, ಮುಂದಿನ ಹನಿ. ‘ನೋವಾಗ್ತಿದೆಯಾ? ಕಣ್ಣು ಸರಿ ಕಾಣ್ತಿದೆಯಾ?’ ಎಂದು ನಡುನಡುವೆ ಕೇಳುತ್ತಲೇ ಇರುತ್ತಾರೆ. ಅದು ಬರೀ ಉಪಚಾರದ ಮಾತಲ್ಲ.

ಮುಖದ ಅಪಧಮನಿ ದವಡೆಯಂಚಿನಿಂದ ಹೊರಟು, ಬಾಯಿಯ ಮೂಲೆ ಬಳಸಿ, ಮೂಗಿನ ಪಕ್ಕದ ಗೆರೆಯ ಉದ್ದಕ್ಕೂ ಅಂಕುಡೊಂಕಾಗಿ ಮೇಲೇರುತ್ತದೆ. ಒಬ್ಬರಿಗೆ ಆಳದಲ್ಲಿದ್ದರೆ ಇನ್ನೊಬ್ಬರಿಗೆ ಮೇಲೆಯೇ ಇರುತ್ತದೆ. ಅದರ ಕೊನೆಯ ಕವಲುಗಳು ಮೂಗಿನ ಬುಡ, ಹುಬ್ಬುಗಳ ನಡುವೆ ಕಣ್ಣಿನ ಅಪಧಮನಿಯ ಕವಲುಗಳೊಂದಿಗೆ ಕೂಡಿಕೊಳ್ಳುತ್ತವೆ. ಸೂಜಿಯ ತುದಿ ಗೊತ್ತಾಗದೆ ಇಂಥ ನಾಳದೊಳಗೆ ಹೊಕ್ಕಿದೆ ಎಂದುಕೊಳ್ಳಿ. ಹೆಬ್ಬೆರಳಿನ ಒತ್ತಡ ರಕ್ತದ ಒತ್ತಡವನ್ನು ಮೀರಿದರೆ ಜೆಲ್ ಹರಿವಿಗೆ ಎದುರಾಗಿ ಹಿಮ್ಮುಖ ಸಾಗುತ್ತದೆ, ಕಣ್ಣಿನ ಅಪಧಮನಿಯವರೆಗೆ. ಒತ್ತುವುದನ್ನು ಬಿಟ್ಟ ಕೂಡಲೇ ರಕ್ತ ಅದನ್ನು ಮುಂದಕ್ಕೆ ನೂಕಿ ಅಕ್ಷಿಪಟಲದ ನಾಳಕ್ಕೆ ತುರುಕುತ್ತದೆ. ಇದಕ್ಕೆ ಬೇಕಾದ ಜೆಲ್ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಅಕ್ಷಿಪಟಲ ರಕ್ತವಿಲ್ಲದೆ ತಾಳಿಕೊಳ್ಳುವುದು ಹೆಚ್ಚೆಂದರೆ ಒಂದೂವರೆ ಗಂಟೆಯ ಆಸುಪಾಸು.

2015ರಲ್ಲಿ ಕೆನಡಾದ ಚರ್ಮವೈದ್ಯೆ ಕೇಟಿ ಬೆಲೆಜ್ನೆ ಮತ್ತು ಸಂಗಡಿಗರು ಅಲ್ಲಿಯವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದ ಇಂಥ ದೃಷ್ಟಿನಷ್ಟದ ಪ್ರಕರಣಗಳನ್ನು ಒಟ್ಟುಗೂಡಿಸಿದಾಗ 98 ಸಿಕ್ಕವು. ನಾಲ್ಕು ವರ್ಷಗಳ ನಂತರದ ಪರಿಶೀಲನೆಯಲ್ಲಿ ಇನ್ನೂ 48. ಜಗತ್ತಿನಲ್ಲಿ ಚುಚ್ಚುವ ಲಕ್ಷಾಂತರ ಸಿರಿಂಜುಗಳ ಎದುರು ಇದು ತೀರ ಅಪರೂಪ ಎಂಬುದನ್ನು ಒಪ್ಪಬೇಕು. ಆದರೆ ಇವು ದಾಖಲಾದವು ಮಾತ್ರ. ಮೂಗು, ಹುಬ್ಬುಗಳ ನಡುವಿನ ಜಾಗ, ಮೂಗಿನ ಪಕ್ಕದ ಗೆರೆ, ಹಣೆ ಇವೇ ಹೆಚ್ಚು ಅಪಾಯದ ತಾಣಗಳು. ಎಫ್‌ಡಿಎ ಕೂಡ 2015ರಲ್ಲೇ ಫಿಲ್ಲರ್ ರಕ್ತನಾಳ ಹೊಕ್ಕರೆ ಏನಾಗುತ್ತದೆಂದು ಎಚ್ಚರಿಕೆ ಹೊರಡಿಸಿತು. ದೃಷ್ಟಿ ಹೋದ ಮೇಲೆ ಹಯಲುರಾನಿಡೇಸ್ ಕೊಟ್ಟರೂ ಮರಳಿ ಬಂದದ್ದು ಬಹಳ ಕಡಿಮೆ ಮಂದಿಗೆ. ಕಣ್ಣಿಗೆ ಇರುವ ರಕ್ಷಣೆ ಹಾಕುವವರ ಕೈಯೊಂದೇ. ಚರ್ಮದ ನಾಳ ಕಟ್ಟಿಕೊಂಡಾಗ ಹಾಗಲ್ಲ. ಆಗ ಕಿಣ್ವವನ್ನು ಧಾರಾಳವಾಗಿ, ಬೇಗ ಚುಚ್ಚಿದರೆ ಚರ್ಮ ಉಳಿಯುತ್ತದೆ. ತಡವಾದರೆ ಮೂಗಿನ ತುದಿ, ತುಟಿ ಕಪ್ಪಾಗಿ ಸಾಯುತ್ತವೆ.

ನಮ್ಮ ಬಣ್ಣದ ಚರ್ಮಕ್ಕೆ ಇಲ್ಲೊಂದು ವಿಶೇಷ ತೊಡಕಿದೆ. ನಾಳ ಕಟ್ಟಿದಾಗ ಮೊದಲ ಲಕ್ಷಣ ಚರ್ಮ ಬಿಳಿಚುವುದು, ಆಮೇಲೆ ಬಲೆಯಂತೆ ನೇರಳೆ ಗೆರೆಗಳು. ಪಾಠದ ಪುಸ್ತಕಗಳಲ್ಲಿ ಇದರ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವು. ಕಂದು ಚರ್ಮದಲ್ಲಿ ಬಿಳಿಚಿದ್ದು ಸುಲಭಕ್ಕೆ ಕಾಣದು. ನಮ್ಮ ವೈದ್ಯರು ತುಟಿಯ ಒಳಭಾಗ, ವಸಡಿನ ಬಣ್ಣ ನೋಡಬೇಕು, ನೋವಿನ ಮಾತನ್ನು ಕಿವಿಗೊಟ್ಟು ಕೇಳಬೇಕು. ಎರಡು ದಿನದ ತರಬೇತಿಯಲ್ಲಿ ಸರ್ಟಿಫಿಕೇಟ್ ಪಡೆದವರಿಂದ ಇದನ್ನು ನಿರೀಕ್ಷಿಸುವುದು ಹೇಗೆ?

ಇಷ್ಟು ಓದಿದ ಮೇಲೆ ‘ಇದೆಲ್ಲ ದುಡ್ಡಿದ್ದವರ ಶೋಕಿ, ಅನುಭವಿಸಲಿ’ ಎನ್ನುವವರೂ ಇದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಮುಖದ ಗುಳಿ ಒಬ್ಬ ಮನುಷ್ಯನ ಬದುಕನ್ನು ಏನು ಮಾಡಬಲ್ಲದು ಎಂಬುದಕ್ಕೆ ಎಚ್‌ಐವಿಯ ಕಥೆಯಿದೆ. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಚ್‌ಐವಿ ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಗ್ಗದ ಆ ಮಾತ್ರೆಗಳಲ್ಲಿ ಸ್ಟಾವುಡಿನ್ ಎಂಬ ಔಷಧ ಇರುತ್ತಿತ್ತು. ಸಾವಿರಾರು ಜನರನ್ನು ಸಾವಿನ ಬಾಯಿಂದ ಎಳೆದು ತಂದ ಔಷಧ ಅದು. ಆದರೆ ತಿಂಗಳು, ವರ್ಷ ಕಳೆದಂತೆ ಅದು ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು. ಮೈ ಚೇತರಿಸಿಕೊಂಡು, ಕೂಲಿಗೆ ಹೋಗುವಷ್ಟು ಶಕ್ತಿ ಬಂದರೂ ಕೆನ್ನೆಯ ಮೂಳೆ ಎದ್ದು, ಕಪಾಳ ಒಳಸರಿದು, ಆ ಮುಖವೇ ಕಾಯಿಲೆಯ ಗುರುತಾಗುತ್ತಿತ್ತು. ಮನೆಯಲ್ಲಿ, ಕೆಲಸದಲ್ಲಿ ಮುಚ್ಚಿಟ್ಟದ್ದನ್ನು ಕೆನ್ನೆ ಹೇಳಿಬಿಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಈ ಔಷಧವನ್ನು ಹಂತಹಂತವಾಗಿ ಕೈಬಿಡಲು ಹೇಳಿತು. ಹೋದ ಕೊಬ್ಬು ಮಾತ್ರ ಸುಲಭಕ್ಕೆ ಮರಳಲಿಲ್ಲ.

ಅಮೆರಿಕದಲ್ಲಿ ಸ್ಕಲ್ಪ್‌ಟ್ರಾ ಎಂಬ ಫಿಲ್ಲರಿಗೆ 2004ರಲ್ಲಿ ಒಪ್ಪಿಗೆ ಸಿಕ್ಕಿದ್ದು ಈ ರೋಗಿಗಳ ಕೆನ್ನೆಗೆಂದೇ. ಸುಕ್ಕಿಗೆ ಅದನ್ನು ಬಳಸಲು ಅನುಮತಿ ಬಂದದ್ದು ಐದು ವರ್ಷಗಳ ನಂತರ. ಅದು ಪಾಲಿಲ್ಯಾಕ್ಟಿಕ್ ಆಸಿಡ್. ಕೊಲಾಜೆನ್ ಬೆಳೆಯುವಂತೆ ಚರ್ಮವನ್ನು ಪ್ರಚೋದಿಸುತ್ತದೆ, ಒಮ್ಮೆ ಹಾಕಿದರೆ ಕರಗಿಸಲು ಬರುವುದಿಲ್ಲ. 2010ರಲ್ಲಿ ಅಲ್ಲಿನ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮಾ ಯೋಜನೆ, ಮುಖ ಒಳಸರಿದು ಖಿನ್ನತೆಗೆ ಜಾರಿದ ಎಚ್‌ಐವಿ ರೋಗಿಗಳ ಫಿಲ್ಲರ್ ಖರ್ಚನ್ನು ಭರಿಸಲು ಒಪ್ಪಿಕೊಂಡಿತು. ಮಾತ್ರೆಯನ್ನು ಉಚಿತವಾಗಿ ಕೊಟ್ಟ ನಮ್ಮ ವ್ಯವಸ್ಥೆ ಆ ಕೆನ್ನೆಗಳಿಗೆ ಏನೂ ಕೊಡಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುವ ಸಂಗತಿ. ಅಪಘಾತದ ಗಾಯ, ಹುಟ್ಟಿನಿಂದ ಒಂದು ಬದಿ ಕುಗ್ಗಿದ ಮುಖ, ಸಿಡುಬು-ಮೊಡವೆಯ ಆಳ ಕಲೆ, ಇವುಗಳಿಗೂ ಫಿಲ್ಲರ್ ಒದಗುತ್ತದೆ. ದುಡ್ಡಿದ್ದವರಿಗೆ ಮಾತ್ರ.

ಹಯಲುರಾನಿಕ್ ಫಿಲ್ಲರನ್ನು ಆರು ತಿಂಗಳಿಂದ ಒಂದೂವರೆ ವರ್ಷ ಇರುತ್ತದೆ ಎಂದು ಹೇಳಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಒಂದು ಸಿರಿಂಜಿಗೆ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ಸಾವಿರ ರೂಪಾಯಿ. ಕೆನ್ನೆಗೆ ಒಂದು ಸಿರಿಂಜ್ ಸಾಲುವುದು ಅಪರೂಪ. ಆದರೆ ಆಸ್ಟ್ರೇಲಿಯಾದ ವೈದ್ಯರು ಎಂಆರ್‌ಐ ತೆಗೆದು ನೋಡಿದಾಗ, ಎಂದೋ ಕರಗಿಹೋಯಿತೆಂದುಕೊಂಡ ಜೆಲ್ ವರ್ಷಗಳ ನಂತರವೂ ಮುಖದಲ್ಲಿ ಉಳಿದಿರುವುದು ಕಂಡಿತು. ಹಾಗಿರುವಾಗ ಕ್ಯಾಲೆಂಡರ್ ನೋಡಿ ಆರಾರು ತಿಂಗಳಿಗೆ ಮೇಲೆ ಮೇಲೆ ತುಂಬಿಸುವುದು ಸರಿಯಲ್ಲ. ತೆರೆಯ ಮೇಲೆ ನಾವು ನೋಡುವ ಊದಿದ ಕೆನ್ನೆ, ನಕ್ಕರೂ ನಗದ ಮುಖಗಳಿಗೆ ಇದೂ ಒಂದು ಕಾರಣ. ಮೂಗಿನ ಪಕ್ಕದ ಗೆರೆ ಎಳೆ ಮಗು ನಕ್ಕರೂ ಮೂಡುತ್ತದೆ. ಅದನ್ನು ಪೂರ್ತಿ ಅಳಿಸಲು ಹೋದರೆ ಮುಖ ಬೇರೆಯವರದ್ದಾಗುತ್ತದೆ. ಒಳ್ಳೆಯ ವೈದ್ಯರು ‘ಇಷ್ಟು ಸಾಕು’ ಎನ್ನುತ್ತಾರೆ. ಕೆಲವೊಮ್ಮೆ ‘ನಿಮಗೆ ಬೇಡ, ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿ’ ಎಂದು ಕಳಿಸುತ್ತಾರೆ. ಆ ಸಲಹೆ ಹಗುರವಾದದ್ದಲ್ಲ. 28 ವರ್ಷ ಲಾರಿ ಓಡಿಸಿದ 69ರ ಅಮೆರಿಕನ್ನೊಬ್ಬನ ಚಿತ್ರ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು. ಕಿಟಕಿಯ ಗಾಜಿನಿಂದ ಬಿಸಿಲು ಬಿದ್ದ ಎಡಗೆನ್ನೆ, ಬಲಗೆನ್ನೆಗಿಂತ ತುಂಬ ಹೆಚ್ಚು ಮುದಿಯಾಗಿ ಕಾಣುತ್ತಿತ್ತು.

ಬ್ರಿಟನ್ನಿನಲ್ಲಿ ಸರ್ ಬ್ರೂಸ್ ಕಿಯೋ ನೇತೃತ್ವದ ಸಮಿತಿ 2013ರಲ್ಲೇ, ಫಿಲ್ಲರ್ ಹಾಕಿಸಿಕೊಳ್ಳುವವರಿಗೆ ಬಾಲ್ ಪೆನ್ ಕೊಳ್ಳುವ ಗ್ರಾಹಕರಿಗಿಂತ ಹೆಚ್ಚಿನ ರಕ್ಷಣೆಯೇನೂ ಇಲ್ಲ ಎಂದು ವರದಿ ಕೊಟ್ಟಿತು. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರ್ 1ರಿಂದ, 18 ತುಂಬದವರಿಗೆ ಅಂದಕ್ಕಾಗಿ ಫಿಲ್ಲರ್ ಹಾಕುವುದು ಅಪರಾಧ. ಸೂಜಿಯೇ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ಪೆನ್ನುಗಳನ್ನು ಕೊಳ್ಳಬೇಡಿ ಎಂದು ಎಫ್‌ಡಿಎ ಅದೇ ತಿಂಗಳು ಸಾರಿತು. ಅಂಥ ಪೆನ್ನು ಆನ್‌ಲೈನ್‌ನಲ್ಲಿ ಯಾರ ಕೈಗೂ ಸಿಗುತ್ತದೆ. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಫಿಲ್ಲರ್ ಸೇರಿದಂತೆ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನಡಿ ಬಂದಿವೆ. ಕರ್ನಾಟಕದ ಖಾಸಗಿ ಕ್ಲಿನಿಕ್ಕುಗಳು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಬ್ಯೂಟಿ ಪಾರ್ಲರಿನ ಒಳಕೋಣೆಯಲ್ಲಿ ಆ ನೋಂದಣಿ ಇರುವುದಿಲ್ಲ. ಚುಚ್ಚುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ಓದಿದವರೇ, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂದು ಕೇಳಲು ಸಂಕೋಚ ಬೇಡ. ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲಿ, ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ನಿಮ್ಮ ಚೀಟಿಗೆ ಅಂಟಿಸಲಿ. ‘ಹಯಲುರಾನಿಡೇಸ್ ಇಟ್ಟಿದ್ದೀರಾ, ತೋರಿಸಿ’ ಎನ್ನಿ. ಬೇಸರಪಟ್ಟುಕೊಂಡರೆ ಎದ್ದು ಬನ್ನಿ. ಜೇನ್ನೊಣ ಕಚ್ಚಿ ಮೈಯೆಲ್ಲ ಊದಿಕೊಂಡ ಹಿಂದಿನ ಅನುಭವವಿದ್ದರೆ ಮೊದಲೇ ಹೇಳಬೇಕು, ಕರಗಿಸುವ ಕಿಣ್ವಕ್ಕೂ ಅಲರ್ಜಿಯಾಗಬಹುದು. ಮದುವೆಯ ಹಿಂದಿನ ದಿನ ಬೇಡ. ಬಾವು, ನೀಲಿಗಟ್ಟುವಿಕೆ ಇಳಿಯಲು ಎರಡು ವಾರವಾದರೂ ಬಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಸ್ವಲ್ಪ ಊತ, ಮುಟ್ಟಿದರೆ ನೋವು ಸಹಜ. ನೋವು ಗಂಟೆಗಂಟೆಗೂ ಏರುತ್ತಿದ್ದರೆ, ಚುಚ್ಚಿದ ಜಾಗದಿಂದ ದೂರಕ್ಕೂ ಚರ್ಮದ ಬಣ್ಣ ಮಾಸಿದರೆ, ಬಲೆಯಂಥ ಗೆರೆ ಮೂಡಿದರೆ, ಒತ್ತಿ ಬಿಟ್ಟಾಗ ಬಣ್ಣ ತಡವಾಗಿ ಮರಳಿದರೆ ಬೆಳಗಾಗಲಿ ಎಂದು ಕಾಯಬೇಡಿ. ಐಸ್ ಇಡಬೇಡಿ, ತಣ್ಣನೆಯದು ನಾಳವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹಾಕಿದ ವೈದ್ಯರಿಗೆ ನಡುರಾತ್ರಿಯಾದರೂ ಫೋನ್ ಮಾಡಿ, ಆ ನಂಬರ್ ಮೊದಲೇ ಪಡೆದಿರಿ. ಕಣ್ಣು ಮಂಜಾದರೆ, ಕಣ್ಣಿನ ಹಿಂದೆ ತೀವ್ರ ನೋವು ಬಂದರೆ, ರೆಪ್ಪೆ ಜೋತುಬಿದ್ದರೆ ಫೋನಿಗಾಗಿ ಕೂರದೆ, ಕಣ್ಣಿನ ವಿಭಾಗವಿರುವ ದೊಡ್ಡ ಆಸ್ಪತ್ರೆಯ ತುರ್ತು ಘಟಕಕ್ಕೆ ನೇರ ಹೋಗಿ. ಸಿರಿಂಜಿನ ಸ್ಟಿಕ್ಕರ್ ಇರುವ ಆ ಚೀಟಿ ಜೊತೆಯಲ್ಲಿರಲಿ. ಯಾವ ಫಿಲ್ಲರ್, ಎಲ್ಲಿಗೆ, ಎಷ್ಟು ಹೊತ್ತಿಗೆ ಹಾಕಿದ್ದು ಎಂಬುದನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.